ಹಂಗಳದ ಹೊಲದಾರಿ ಕಲಿಸಿದ ಪಾಠ

ಮೈಸೂರಿನಿಂದ ಉದಕಮಂಡಲಕ್ಕೆ ಸಾಗುವ ಹೆದ್ದಾರಿಯಲ್ಲಿ ಗುಂಡ್ಲುಪೇಟೆಯನ್ನು ದಾಟಿದರೆ ಹಂಗಳ ಗ್ರಾಮ ದೊರೆಯುತ್ತದೆ. ಅಲ್ಲಿಂದ ಬಲಕ್ಕೆ ಹೊರಳಿದರೆ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ; ನೇರವಾಗಿ ನಡೆದರೆ ಬಂಡೀಪುರದ ಅರಣ್ಯ. ಮುಂಗಾರಿನಲ್ಲಿ ಸೂರ್ಯಕಾಂತಿ, ಚೆಂಡುಹೂಗಳಿಂದ ಹಳದಿಯುಟ್ಟು ನಿಲ್ಲುವ ಈ ಹೊಲಗಳ ಚೆಲುವನ್ನು ಕಂಡವರು ಮರೆಯಲಾರರು. ಆದರೆ ಹಿಂಗಾರು ಸುರಿದ ಮೇಲೆ ಇದೇ ಹೊಲದಾರಿಗಳು ಗಾಲಿಯನ್ನು ನುಂಗುವ ಕೆಸರಾಗುತ್ತವೆ.

ಅಂಥದೊಂದು ಸಂಜೆ ನಮ್ಮ ಸೋದರಳಿಯನ ಹಳೆಯ ಜೀಪಿನಲ್ಲಿ ಅವನ ಹೊಲಕ್ಕೆ ಹೊರಟಿದ್ದೆವು. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹರಿಯುವ ವಾಹನವೆಂಬ ಧೈರ್ಯ ನಮ್ಮದು. ಅರ್ಧ ದಾರಿಯಲ್ಲಿ ಅದು ಅಚ್ಚಿನವರೆಗೆ ಹೂತುಹೋಯಿತು. ಕತ್ತಲಾದರೆ ಕಾಡಂಚಿನ ಹೊಲಗಳಿಗೆ ಆನೆಗಳು ಇಳಿಯುವ ಭಯ. ನೆರೆಹೊಲದ ಹುಡುಗನು ಟ್ರ್ಯಾಕ್ಟರ್ ತಂದನು. ಜೀಪಿನ ಬಂಪರಿಗೆ ಮನೆ ಕಟ್ಟುವ ಕಬ್ಬಿಣದ ಸರಳನ್ನು ಬಗ್ಗಿಸಿ ಬೆಸೆದ ಕೊಕ್ಕೆಯೊಂದಿತ್ತು. “ಗಟ್ಟಿಯಾಗಿದೆ, ಕಟ್ಟಪ್ಪಾ” ಎಂದವನು ನಾನೇ. ಟ್ರ್ಯಾಕ್ಟರ್ ಜಗ್ಗಿದೊಡನೆ ಕೊಕ್ಕೆ ಕಿತ್ತು, ಆ ಹುಡುಗನ ಭುಜದ ಪಕ್ಕದಲ್ಲೇ ಹಾದು ಮಡ್‌ಗಾರ್ಡನ್ನು ತಗ್ಗು ಮಾಡಿತು. ಒಂದು ಗೇಣು ಇತ್ತ ಸರಿದಿದ್ದರೆ ಆ ತಾಯಿಗೆ ನಾನು ಏನೆಂದು ಉತ್ತರ ಕೊಡುತ್ತಿದ್ದೆ?

ಮರುದಿನ ವೆಲ್ಡಿಂಗ್ ಕೆಲಸದ ಹಿರಿಯರೊಬ್ಬರ ಬಳಿಗೆ ಹೋದೆವು. “ಬುದ್ಧೀ, ಬಂಪರು ಇರೋದು ಎಳೆಯೋಕಲ್ಲ. ಎಳೆತ ಚಾಸಿಗೆ ಬೀಳಬೇಕು” ಎಂದು ಅವರು ಮಾತು ತೊಡಗಿದರು. ಅವರಿಂದ ತಿಳಿದುದನ್ನು ಓದುಗ ಬಂಧುಗಳ ಮುಂದಿಡುವುದು ಕರ್ತವ್ಯವೆಂದು ಭಾವಿಸುತ್ತೇನೆ.

ಜನರನ್ನು ಹೊತ್ತ ಜೀಪಿನ ತೂಕ ಸುಮಾರು ಒಂದೂವರೆ ಟನ್. ಅಚ್ಚಿನವರೆಗೆ ಹೂತಾಗ ಬೇಕಾಗುವ ಎಳೆತವು ಆ ತೂಕಕ್ಕೆ ಸಮನಾಗಬಹುದು, ಮೀರಲೂಬಹುದು. ಆದುದರಿಂದ ಕೊಕ್ಕೆಯು ವಾಹನದ ತೂಕದ ಎರಡು ಮೂರು ಪಟ್ಟನ್ನಾದರೂ ತಾಳಬೇಕು. ಕಂಪನಿಯೇ ಇಟ್ಟ ಎಳೆಕೊಕ್ಕೆಯಿದ್ದರೆ ಅದೇ ಉತ್ತಮ. ಇಲ್ಲವಾದರೆ 10 ಅಥವಾ 12 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯನ್ನು ಚಾಸಿಯ ಪಕ್ಕಕ್ಕೆ, ಎಳೆತದ ನೇರಕ್ಕೆ ಕೂರಿಸಬೇಕು. ಹೊರಚಾಚು ಗಿಡ್ಡವಾಗಿರಲಿ, ಉದ್ದವಾದಷ್ಟೂ ಮೀಟುಗೋಲಿನಂತೆ ಬಾಗುತ್ತದೆ. ಪಟ್ಟಿಗೆ ಎರಡಾದರೂ ಬೋಲ್ಟುಗಳಿರಲಿ, ಅವುಗಳ ತಲೆಯ ಮೇಲೆ 8.8 ಎಂಬ ಗುರುತಿರಲಿ. ಮೊದಲ ಎಂಟು, ಚದರ ಮಿಲಿಮೀಟರಿಗೆ 800 ನ್ಯೂಟನ್ ಬಲದವರೆಗೆ ಅದು ತುಂಡಾಗದೆಂಬುದನ್ನೂ, ಎರಡನೆಯದು ಅದರ ಶೇಕಡ 80ರವರೆಗೆ ಶಾಶ್ವತವಾಗಿ ಹಿಗ್ಗದೆಂಬುದನ್ನೂ ಹೇಳುತ್ತದೆ. ಚಾಸಿ ಪೊಳ್ಳಾಗಿದ್ದರೆ ಒಳಗೆ ಕೊಳವೆ ತೂರಿಸಿಯೇ ಬಿಗಿಯಬೇಕು, ಇಲ್ಲವಾದರೆ ಗೋಡೆ ಜಜ್ಜಿಹೋಗುತ್ತದೆ. ರಂಧ್ರವನ್ನು ಚಾಸಿಯ ಮೇಲಂಚು ಕೆಳಂಚುಗಳಲ್ಲಿ ಕೊರೆಯದೆ ಪಕ್ಕದ ನಡುಭಾಗದಲ್ಲಿ ಕೊರೆಯಬೇಕು. ಹಗ್ಗವನ್ನು ಪಟ್ಟಿಯ ರಂಧ್ರಕ್ಕೆ ನೇರ ಕಟ್ಟದೆ, ತಾಳುವ ತೂಕ ಅಚ್ಚೊತ್ತಿದ ಶ್ಯಾಕಲ್ ಹಾಕಬೇಕು.

ಮುಂದೆ ಎಡಬಲಕ್ಕೆ ಎರಡು ಕೊಕ್ಕೆಗಳಿದ್ದರೆ ಭಾರ ಹಂಚಿಹೋಗುತ್ತದೆ. ಆದರೆ ಎರಡು ಹಗ್ಗಗಳ ನಡುವಣ ಕೋನ 60 ಡಿಗ್ರಿಯಾದರೆ ಪ್ರತಿಯೊಂದಕ್ಕೂ ಎಳೆತದ ಶೇಕಡ 58 ಬೀಳುತ್ತದೆ. 120 ಡಿಗ್ರಿಯಾದರೆ ಪೂರ್ಣ ಎಳೆತವೇ ಬಿದ್ದು ಹಂಚಿಕೆ ವ್ಯರ್ಥವಾಗುತ್ತದೆ.

“ಎಲ್ಲಕ್ಕಿಂತ ಮೊದಲು ಗುದ್ದಲಿ ಹಿಡೀಬೇಕು ಬುದ್ಧೀ” ಎಂದರು ಅವರು. ಗಾಲಿಯ ಮುಂದಿನ ಕೆಸರು ತೆಗೆದು ಕಲ್ಲು, ಸೊಪ್ಪು ಹಾಕಿದರೆ ಎಳೆತವೇ ತಗ್ಗುತ್ತದೆ. ಹಿಗ್ಗಿದ ಹಗ್ಗದಲ್ಲಿ ಬಿಲ್ಲಿನ ಹೆದೆಯಂತೆ ಶಕ್ತಿ ಅಡಗಿರುತ್ತದೆ; ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಜನರನ್ನು ಹಗ್ಗದ ಒಂದೂವರೆ ಪಟ್ಟು ದೂರ ನಿಲ್ಲಿಸಬೇಕು. ಕೈಯಿಂದ ಮಾಡಿದ ಕೊಕ್ಕೆಯ ಬಲವನ್ನು ಯಾರೂ ಅಳೆದು ನೋಡಿರುವುದಿಲ್ಲ. ಆದುದರಿಂದ ಮೆಲ್ಲನೆ ಎಳೆಯಬೇಕೇ ಹೊರತು ಜಗ್ಗಬಾರದು.

ಕಿತ್ತುಬಂದ ಆ ಹಳೆಯ ಕೊಕ್ಕೆ ಈಗ ನನ್ನ ಓದುವ ಮೇಜಿನ ಮೇಲಿದೆ. ಅರಿಯದ ವಿಷಯದಲ್ಲಿ “ಗಟ್ಟಿಯಾಗಿದೆ” ಎನ್ನುವ ಮುನ್ನ ಅದನ್ನೊಮ್ಮೆ ನೋಡುತ್ತೇನೆ.