ಪರದೆ ಇಲ್ಲದ ಹೋಟೆಲು

ಬಾರ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನಮ್ಮಂಥ ಹೆಂಗಸರ ಎದೆ ಧಸಕ್ಕೆನ್ನುತ್ತದೆ. 2007ರ ಜುಲೈಯಿಂದ ಕರ್ನಾಟಕದಲ್ಲಿ ಸಾರಾಯಿ ಬಂದಾಯಿತು, ನಿಜ. ಪಾಕೀಟು ಹೋದರೂ ಬಾಟಲಿ ಉಳಿಯಿತು. ಹೆಂಡತಿಯ ಕೊರಳಿನ ಬಂಗಾರ ಅಡವು ಬೀಳುವುದೇನೂ ತಪ್ಪಲಿಲ್ಲ. ಇನ್ನು ರಸ್ತೆ ಬದಿಯ ಧಾಬಾಕ್ಕೆ ಸಂಸಾರ ಸಮೇತ ಹೋದರೆ ನಮಗೆಂದೇ ಒಂದು ‘ಫ್ಯಾಮಿಲಿ ರೂಮ್’. ಹೊರಗೆ ಗಾಳಿ, ಬೆಳದಿಂಗಳು, ಗಂಡಸರ ನಗೆ. ಒಳಗೆ ಪರದೆ, ಸೆಕೆ ಮತ್ತು ನಾವು!

2022ರ ಡಿಸೆಂಬರಿನಲ್ಲಿ ಎಳ್ಳಮಾವಾಸ್ಯೆ ಮುಗಿಸಿಕೊಂಡು ಕೊಳಕೂರಿನಿಂದ ಗೋವಾಕ್ಕೆ ಹೋಗಿದ್ದೆವು. ಕಲಂಗುಟದ ದಂಡೆಯ ಮೇಲೆ ನಮ್ಮ ಯಜಮಾನರು ಒಂದು ಶ್ಯಾಕಿನತ್ತ ಕೈ ತೋರಿಸಿ, “ಇಲ್ಲೇ ಊಟ ಮಾಡೂಣು” ಎಂದರು. ಬಿದಿರಿನ ಕಂಬ, ಗರಿಯ ಮಾಡು, ಕಾಲ ಕೆಳಗೆ ಉಸುಕು. ಒಂದು ಬದಿಗೆ ಬಾಟಲಿಗಳ ಸಾಲು ಕಂಡು ನಾನು ಸೆರಗು ಬಿಗಿಮಾಡಿ ನಿಂತೆ. ಮಗಳು ಮಾತ್ರ ಆಗಲೇ ಹಾಡಿನ ಹತ್ತಿರ ಓಡಿದ್ದಳು. ಇಬ್ಬರು ಹುಡುಗರು ಗಿಟಾರ್ ಬಾರಿಸುತ್ತ ಕೊಂಕಣಿ ಹಾಡು ಹೇಳುತ್ತಿದ್ದರು. ಪಕ್ಕದ ಮೇಜಿನ ಅಜ್ಜಿಯೊಬ್ಬರು ಮೊಮ್ಮಕ್ಕಳ ಜೊತೆ ಚಪ್ಪಾಳೆ ತಟ್ಟುತ್ತಿದ್ದರು. ಗೋಡೆ ಇಲ್ಲ, ಪರದೆ ಇಲ್ಲ. ಯಾರೂ ಯಾರನ್ನೂ ದಿಟ್ಟಿಸಿ ನೋಡಲಿಲ್ಲ.

ನೀರು ತಂದಿಟ್ಟ ಹುಡುಗ ನಮ್ಮ ಮಾತು ಕೇಳಿ ನಿಂತ.

“ಯಾ ಊರ್ರಿ ಅಕ್ಕಾರ?”

“ಕೊಳಕೂರಪಾ, ಜೇವರ್ಗಿ ತಾಲೂಕ.”

“ಹೌದೇನ್ರಿ! ನಂದು ಅಫಜಲಪುರ ಕಡೀರಿ!”

ಕೇಳದೆಯೇ ನಾಲ್ಕು ಗ್ಲಾಸು ಸೋಲಕಢಿ ತಂದುಕೊಟ್ಟ. ಇದು ಕುಡಿತದ ಸಾಮಾನಲ್ಲ, ಸೋದರಿಯರೆ! ಎಂಟು ಹತ್ತು ಕೋಕಂ ಸಿಪ್ಪೆ ಬೆಚ್ಚನೆಯ ನೀರಿನಲ್ಲಿ ಅರ್ಧ ತಾಸು ನೆನೆಸಿ ಹಿಂಡಿ, ತೆಂಗಿನ ಹಾಲು, ಜಜ್ಜಿದ ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಬೆರೆಸಿದರೆ ಆಯಿತು. ಕುದಿಸಬಾರದು, ಹಾಲು ಒಡೆಯುತ್ತದೆ.

ಈ ಶ್ಯಾಕುಗಳಿಗೆ ಸರ್ಕಾರದ ಪರವಾನಗಿ ಬೇಕಂತೆ. ಮಳೆಗಾಲ ಮುಗಿದ ಮೇಲೆ ಕಟ್ಟಿ, ಮೇ ಕೊನೆಗೆ ಬಿಚ್ಚಬೇಕು. ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಚ್ಚುವಂತಿಲ್ಲ. 2000ನೇ ಇಸವಿಯ ಈ ನಿಯಮ ನಮ್ಮೂರಿಗೂ ಉಂಟು. ಶ್ಯಾಕು ಬಿಚ್ಚಿದ ಮೇಲೆ ಹುಡುಗ ತೊಗರಿ ಬಿತ್ತಲು ಊರಿಗೆ ಹೋಗುತ್ತಾನೆ. ಆದರೆ ತೊಗರಿ ಕೊಯ್ಲಿಗೆ ಬರುವುದೂ ಗೋವಾಕ್ಕೆ ಜನ ನುಗ್ಗುವುದೂ ಒಂದೇ ಹೊತ್ತಿಗೆ. “ಕೊಯ್ಯೂದೆಲ್ಲಾ ನಮ್ಮಾಕೀನೇ ನೋಡ್ತಾಳ್ರಿ. ಎಳ್ಳಮಾಸಿಗೂ ಹೋಗಾಕ ಆಗಲಿಲ್ಲ” ಎಂದ. ಸಮುದ್ರ ನೋಡಿದ್ದಾಳೇನಪ್ಪಾ ಎಂದೆ. ತಲೆ ತಗ್ಗಿಸಿ, “ಇಲ್ರಿ ಅಕ್ಕಾರ” ಎಂದ.

ಬುತ್ತಿಯಲ್ಲಿ ಉಳಿದಿದ್ದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಅವನ ಕೈಗಿಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಹಾಡು ನನ್ನ ಕಿವಿಗೆ ಹತ್ತಲಿಲ್ಲ. ನನ್ನನ್ನು ಬಯಲಲ್ಲಿ ಕೂಡಿಸಿ ಉಣಿಸುವುದಕ್ಕೆ, ನನ್ನಂಥವಳೇ ಒಬ್ಬಳು ಅಲ್ಲಿ ಒಬ್ಬಂಟಿಯಾಗಿ ಹೊಲ ಕೊಯ್ಯುತ್ತಿದ್ದಳಲ್ಲ!

ಅಲ್ಲಿಯೂ ಕುಡುಕರಿದ್ದಾರೆ; ಗೋವಾ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ನನಗೆ ಬೇಕಾದದ್ದು ಬಾಟಲಿಯಲ್ಲ, ಆ ಬಯಲು. ಅದು ನಮ್ಮಲ್ಲೇ ಇದೆಯಲ್ಲ? ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಹೊಲದಲ್ಲೇ ಉಣ್ಣುವವರು ನಾವು. ಆದರೆ ಎರಡು ದಿನ ರೊಟ್ಟಿ ಬಡಿದು, ಗಂಟು ಹೊತ್ತು, ಎಲ್ಲರಿಗೂ ಬಡಿಸಿ, ತಣ್ಣಗಾದ ಭಜ್ಜಿ ಕೊನೆಗೆ ಉಣ್ಣುವವರೂ ನಾವೇ.

ಮರು ವರ್ಷ ಯಜಮಾನರಿಗೆ ಹೇಳಿಯೇಬಿಟ್ಟೆ: “ಈ ಸಲ ಗಂಡಸರು ಬಡಸ್ರಿ.” ಮೊದಮೊದಲು ನಕ್ಕರು; ಆಮೇಲೆ ಮೈದುನರೂ ಪುಂಡಿಪಲ್ಯದ ಸವಟು ಹಿಡಿದರು. ಹೆಂಗಸರೆಲ್ಲ ಬನ್ನಿಗಿಡದ ಕೆಳಗೆ ಮೊದಲ ಪಂಕ್ತಿಗೆ ಕುಳಿತೆವು. ಎಂದೂ ಬಾಯಿ ಬಿಡದ ನಮ್ಮ ಅತ್ತೆಯವರು ಬೀಸುವ ಕಲ್ಲಿನ ಹಾಡು ಎತ್ತಿಕೊಂಡರು. ಅವರಿಗೆ ಅಷ್ಟೊಂದು ಹಾಡು ಬರುತ್ತಿದ್ದದ್ದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.