ಬುಷ್ಷು ಕಲಿಸಿದ ಪಾಠ

ಅಣ್ಣನವರು ತೀರಿಕೊಂಡ ಮೇಲೆ ಅವರ 1984ರ ಅಂಬಾಸಿಡರ್ ಕಾರು ನಮ್ಮ ಮನೆಯ ಅಂಗಳಕ್ಕೆ ಬಂದಿತು. ಮಾರಿಬಿಡುವಂತೆ ಹಲವರು ಸಲಹೆಯಿತ್ತರು. ಆದರೆ 1987ರಲ್ಲಿ ನನ್ನ ಮದುವೆಯ ದಿಬ್ಬಣ ಹೊರಟದ್ದು ಅದೇ ಕಾರಿನಲ್ಲಿ, ಮನಸ್ಸು ಒಪ್ಪಲಿಲ್ಲ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್‌ನ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ಹಾಗಾಗಿ ಇಂದು ಅದನ್ನು ಇಟ್ಟುಕೊಂಡವರಿಗೆ ಬಿಡಿಭಾಗಗಳ ಚಿಂತೆ ತಪ್ಪಿದ್ದಲ್ಲ. ನಮ್ಮ ಕಾರು ಹಳ್ಳಕ್ಕೆ ಇಳಿದಾಗಲೆಲ್ಲ ಹಿಂಬದಿಯಿಂದ ಲೊಟಲೊಟ ಸದ್ದು ಬರುತ್ತಿತ್ತು. ಲೀಫ್ ಸ್ಪ್ರಿಂಗುಗಳ ತುದಿಯಲ್ಲಿರುವ ರಬ್ಬರ್ ಬುಷ್ಷುಗಳು ಹರಿದಿದ್ದವು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಬುಷ್ಷುಗಳನ್ನು ತಂದು ಒಂದು ಗ್ಯಾರೇಜಿನಲ್ಲಿ ಹಾಕಿಸಿದೆ. ಎಂಟೇ ತಿಂಗಳಲ್ಲಿ ಅವೂ ಹರಿದವು. ಸೊಂಟನೋವಿನಿಂದ ಬಳಲುತ್ತಿದ್ದ ನನ್ನಾಕೆ ಹಿಂದಿನ ಸೀಟಿನಲ್ಲಿ ಹಲ್ಲುಕಚ್ಚಿ ಕುಳಿತಿರುತ್ತಿದ್ದಳು. ಕೊನೆಗೆ, "ಇನ್ನು ನಾನು ಬಸ್ಸಿನಲ್ಲೇ ಬರುತ್ತೇನೆ" ಎಂದುಬಿಟ್ಟಳು.

ಪುಣೆಯಲ್ಲಿರುವ ಮಗ ಫೋನಿನಲ್ಲಿ, "ಅಪ್ಪಾ, ರಬ್ಬರಿನ ಕಾಲ ಮುಗಿಯಿತು. ಪಾಲಿಯುರಿಥೇನ್ ಸರಳು ತಂದು ಲೇತಿನಲ್ಲಿ ಬುಷ್ ಮಾಡಿಸಿ. ನಿಮ್ಮ ಕಾಲಕ್ಕೂ ನನ್ನ ಕಾಲಕ್ಕೂ ಬಾಳುತ್ತದೆ" ಎಂದನು. ನನಗೂ ಅದು ಸರಿಯೆನಿಸಿತು. ಸರಳು ಕೊಂಡು, ಹತ್ತಿರದಲ್ಲೇ ಗ್ಯಾರೇಜು ನಡೆಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಹೋದೆ. ಮೊದಲ ಸಲವೇ ಅಲ್ಲಿಗೆ ಏಕೆ ಹೋಗಲಿಲ್ಲವೆಂದು ನೀವು ಕೇಳಬಹುದು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಆತ ಹರಿದ ಬುಷ್ಷನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಸಾರ್, ಹೋದ ಸಲ ನಟ್ಟು ಬಿಗಿದಾಗ ಕಾರು ಜಾಕಿನ ಮೇಲಿತ್ತಾ, ನೆಲದ ಮೇಲಿತ್ತಾ?" ಎಂದು ಕೇಳಿದ. ಜಾಕಿನ ಮೇಲಿದ್ದುದು ನನಗೆ ನೆನಪಿತ್ತು.

"ಹಾಗಾದರೆ ತಪ್ಪು ರಬ್ಬರಿನದಲ್ಲ ಬಿಡಿ ಸಾರ್."

ಅವನು ವಿವರಿಸಿದ್ದು ಇಷ್ಟು. ನಟ್ಟು ಬಿಗಿದೊಡನೆ ರಬ್ಬರ್ ಬುಷ್ಷಿನ ಒಳಮೈ ಅಲುಗದಂತೆ ಹಿಡಿದುಕೊಳ್ಳುತ್ತದೆ. ಆಮೇಲೆ ಸ್ಪ್ರಿಂಗು ಮೇಲೆ ಕೆಳಗೆ ಆಡಿದಾಗ ಬುಷ್ಷು ಜಾರುವುದಿಲ್ಲ. ರಬ್ಬರು ತನ್ನೊಳಗೇ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಬಿಗಿದರೆ, ಕಾರನ್ನು ನೆಲಕ್ಕಿಳಿಸಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡು ನಿಂತಿರುತ್ತದೆ. ಅದಕ್ಕೆ ವಿಶ್ರಾಂತಿಯೆಂಬುದೇ ಇಲ್ಲ, ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಕುಳಿತ ನಂತರವೇ ಕೊನೆಯ ಬಿಗಿತ ಕೊಡಬೇಕು.

ಪಾಲಿಯುರಿಥೇನ್ ಕೆಲಸ ಮಾಡುವ ಬಗೆ ಬೇರೆ. ಅದು ತಿರುಚಿಕೊಳ್ಳುವುದಿಲ್ಲ, ಒಳಗಿನ ಕೊಳವೆಯ ಮೇಲೆ ಜಾರುತ್ತ ತಿರುಗುತ್ತದೆ. ಆದ್ದರಿಂದ ಅದಕ್ಕೆ ಗ್ರೀಸು ಬೇಕು, ಒಣಗಿದರೆ ಕಿರುಗುಟ್ಟುತ್ತದೆ. ಎಣ್ಣೆ ಸೋರಿದರೂ ರಬ್ಬರಿನಂತೆ ಊದಿಕೊಂಡು ಮೆತ್ತಗಾಗುವುದಿಲ್ಲ. ಸಾಮಾನ್ಯವಾಗಿ ರಬ್ಬರಿಗಿಂತ ಗಟ್ಟಿ. ವೇಗವಾಗಿ ತಿರುವುಗಳಲ್ಲಿ ಓಡಿಸುವವರಿಗೆ ಆ ಗಟ್ಟಿತನವೇ ಅನುಕೂಲ. ಆದರೆ ರಸ್ತೆಯ ಸಣ್ಣ ನಡುಕವನ್ನೂ ಅದು ಕಾರಿನ ಒಡಲಿಗೆ ದಾಟಿಸುತ್ತದೆ.

"ಅಮ್ಮಾವ್ರಿಗೆ ಸೊಂಟನೋವು ಅಂತೀರಿ. ಅವರಿಗೆ ಗಟ್ಟಿ ಬುಷ್ಷು ಬೇಡ ಸಾರ್" ಎಂದ. ನಾನೂ ಮಗನೂ ಬುಷ್ಷಿನ ಬಾಳಿಕೆಯನ್ನು ಲೆಕ್ಕ ಹಾಕಿದ್ದೆವು. ಕಾರಿನಲ್ಲಿ ಕೂರುವವಳನ್ನು ಲೆಕ್ಕಕ್ಕೆ ತಂದವನು ಅವನೊಬ್ಬನೇ.

ಭೌತಶಾಸ್ತ್ರ ಬೋಧಿಸಿದವನು ನಾನು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಅದಕ್ಕೆ ಸ್ಥಿರವಾದ ಸ್ಥಿತಿಸ್ಥಾಪಕತ್ವ ತಂದುಕೊಟ್ಟ ಕಥೆಯನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳಿದ್ದೇನೆ. ಆದರೂ ಕೆಲಸ ಕೆಟ್ಟಾಗ ಮೊದಲು ವಸ್ತುವನ್ನೇ ದೂರಿದೆ. ಕುಣಿಯಲಾರದವಳು ನೆಲ ಡೊಂಕು ಎಂದಂತಾಯಿತು.

ಈಗ ಬಾಕಿಯಿರುವ ಮಾತು. ಒಂಬತ್ತನೆಯ ತರಗತಿಯಲ್ಲಿ ಈ ಹುಡುಗ ಎರಡು ಪರೀಕ್ಷೆಗಳಲ್ಲಿ ನಪಾಸಾದಾಗ ಅವನ ತಂದೆಯನ್ನು ಕರೆಸಿ, "ಇವನಿಗೆ ವಿದ್ಯೆ ಹತ್ತುವುದಿಲ್ಲ, ಕೆಲಸಕ್ಕೆ ಹಾಕಿ" ಎಂದವನು ನಾನೇ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಆ ಸಂಕೋಚದಿಂದಲೇ ಇಷ್ಟು ವರ್ಷ ಅವನ ಗ್ಯಾರೇಜಿನ ಮುಂದೆ ತಲೆ ತಗ್ಗಿಸಿ ಹಾದುಹೋಗುತ್ತಿದ್ದೆ. ಅವನಿಗೂ ಅದು ನೆನಪಿರಬೇಕು. ಆದರೆ ಆ ಮಾತನ್ನು ಎತ್ತಲಿಲ್ಲ. "ಕಾಫಿ ತರಿಸಲಾ ಸಾರ್?" ಎಂದಷ್ಟೇ ಕೇಳಿದ.

ಹೊಸ ರಬ್ಬರ್ ಬುಷ್ಷುಗಳನ್ನು ಕೂರಿಸಿ, ಕಾರನ್ನು ನೆಲಕ್ಕಿಳಿಸಿ, ಅಡಿಯಲ್ಲಿ ಮಲಗಿ ನಟ್ಟುಗಳನ್ನು ಬಿಗಿದ. ಅದಾಗಿ ಎರಡು ವರ್ಷಗಳಾದವು. ಸದ್ದಿಲ್ಲ. ನನ್ನಾಕೆ ಮತ್ತೆ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಪಾಲಿಯುರಿಥೇನ್ ಸರಳು ನನ್ನ ಮೇಜಿನ ಮೇಲಿದೆ. ಹಳೆಯ ಅಂಕಪಟ್ಟಿಗಳ ಕಟ್ಟನ್ನು ಬಿಚ್ಚಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಯಾವ ಯಾವ ಮಕ್ಕಳನ್ನು, ಅವರ ಭಾರ ನೆಲಕ್ಕೆ ಕೂರುವ ಮೊದಲೇ, ನಾನು ಬಿಗಿದುಬಿಟ್ಟೆನೋ ಎಂಬ ಯೋಚನೆ ಬರುತ್ತದೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಮನೆಗೆ ಬನ್ನಿ.