ಸಾರಥಿಯ ಸಂಯಮ

ವಾಹನದ ಚಕ್ರವನ್ನು ಹಿಡಿದವನು ತನ್ನೊಬ್ಬನ ಪ್ರಾಣವನ್ನಷ್ಟೇ ಹಿಡಿದವನಲ್ಲ. ಇದು ಎಲ್ಲರೂ ಬಲ್ಲ ಮಾತು. ಆದರೆ ಬಲ್ಲದ್ದು ನಡತೆಗೆ ಇಳಿಯಬೇಕಾದರೆ ಕೆಲವೊಮ್ಮೆ ಊರು ಬಿಟ್ಟು ಬಹುದೂರ ಹೋಗಬೇಕಾಗುತ್ತದೆ. ಪುತ್ತೂರಿನ ಹಿರಿಯ ಕೃಷಿಕರೊಬ್ಬರಿಗೆ ಈ ಪಾಠ ದೊರೆತದ್ದು ಭೂತಾನದಲ್ಲಿ.

ಪುತ್ತೂರು, ಸುಳ್ಯ, ಕಡಬಗಳ ಕೆಲವು ಕುಟುಂಬಗಳು ಮೂರು ಕಾರುಗಳಲ್ಲಿ ಒಟ್ಟಾಗಿ ಪ್ರವಾಸ ಹೊರಟಿದ್ದವು. ಬಾಡಿಗೆಯ ಚಾಲಕರು ಬೇಡ, ತಾವೇ ನಡೆಸಬೇಕೆಂಬುದು ಅವರ ಸಂಕಲ್ಪ. ದೂರದ ಅನೇಕ ದೇಶಗಳಲ್ಲಿ ವಾಹನ ನಡೆಸಬೇಕಾದರೆ ನಮ್ಮ ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆಯಬೇಕು. ಅದರ ಅವಧಿ ಹೆಚ್ಚೆಂದರೆ 1 ವರ್ಷ. ಭೂತಾನದಲ್ಲಿ ಭಾರತದ ಪರವಾನಗಿಯೇ ನಡೆಯುತ್ತದೆ. ಸಂಚಾರವೂ ನಮ್ಮಂತೆಯೇ ಎಡಬದಿಯಲ್ಲಿ. ಗಡಿಯ ಫುಂಟ್‌ಶೋಲಿಂಗ್‌ನಲ್ಲಿ ವಾಹನಗಳಿಗೆ ಅನುಮತಿಪತ್ರ ಪಡೆದು ಅವರು ಬೆಟ್ಟವನ್ನೇರಿದರು.

ಸಂಪಾಜೆ ಘಾಟಿಯಲ್ಲಿ ಮೂವತ್ತು ವರ್ಷ ವಾಹನ ನಡೆಸಿದವರೆಂಬ ಹಿರಿಮೆಯಿಂದ ಕೃಷಿಕರು ಮುಂದಿನ ಕಾರಿನಲ್ಲಿದ್ದರು. ಕೊನೆಯ ಕಾರು ಕಡಬದ ನಿವೃತ್ತ ಅಧ್ಯಾಪಕರದು. ಅವರಿಗೆ ಘಾಟಿಯ ಅಭ್ಯಾಸ ಕಡಮೆ. ಥಿಂಪುವಿನಿಂದ ಪುನಾಖಕ್ಕೆ ಹೋಗುವ ದಾರಿಯಲ್ಲಿ ದೋಚುಲಾ ಕಣಿವೆಮಾರ್ಗವಿದೆ. 2003ರ ಸೈನಿಕ ಕಾರ್ಯಾಚರಣೆಯಲ್ಲಿ ಮಡಿದವರ ಸ್ಮರಣೆಗಾಗಿ ಕಟ್ಟಿದ 108 ಸ್ತೂಪಗಳು ಅಲ್ಲಿವೆ. ಅವುಗಳ ಎದುರು ನಿಂತಿದ್ದಾಗ ಅಧ್ಯಾಪಕರು, "ಇಳಿಜಾರಿನಲ್ಲಿ ನಾನು ನಿಧಾನ" ಎಂದರು. ಕೃಷಿಕರು ನಕ್ಕು, "ಹಿಂದೆಯೇ ಬನ್ನಿ, ಏನಾಗದು" ಎಂದು ಹೊರಟುಬಿಟ್ಟರು.

ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯುವ ಎತ್ತರ ಸುಮಾರು ಒಂದು ಸಾವಿರ ಮೀಟರು. ದೋಚುಲಾ ಇರುವುದು ಸುಮಾರು 3,100 ಮೀಟರು ಎತ್ತರದಲ್ಲಿ, ಪುನಾಖ ಸುಮಾರು 1,200 ಮೀಟರಿನಲ್ಲಿ. ಇಂತಹ ಇಳಿಜಾರಿನಲ್ಲಿ ಬ್ರೇಕನ್ನು ಬಿಡದೆ ಒತ್ತುತ್ತಿದ್ದರೆ ಅದು ಕಾದು ಹಿಡಿತವನ್ನು ಕಳೆದುಕೊಳ್ಳುತ್ತದೆ. ಏರುವುದಕ್ಕೆ ಬೇಕಾದ ಗೇರಿನಲ್ಲೇ ಇಳಿದರೆ ಎಂಜಿನೇ ವೇಗವನ್ನು ತಡೆಯುತ್ತದೆ. ಕೃಷಿಕರಿಗೆ ಇದು ಚೆನ್ನಾಗಿ ತಿಳಿದಿತ್ತು. ಆದರೆ ಹಿಂದೆ ಬರುವವರಿಗೆ ಅದನ್ನು ಹೇಳಬೇಕೆಂದು ಅವರಿಗೆ ತೋರಲಿಲ್ಲ.

ಕೆಳಗೆ ತಲುಪಿ ಅರ್ಧ ಗಂಟೆ ಕಾದರೂ ಮೂರನೆಯ ಕಾರು ಬರಲಿಲ್ಲ. ಮೊದಲು ಬೇಸರ, ಬಳಿಕ ಭಯ. ಹಿಂತಿರುಗಿ ಹೋದಾಗ ಒಂದು ತಿರುವಿನಲ್ಲಿ ಕಾರು ಬೆಟ್ಟದ ಬದಿಯ ಮಣ್ಣುದಿಣ್ಣೆಗೆ ಒರಗಿ ನಿಂತಿತ್ತು. ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ರಸ್ತೆಯ ಇನ್ನೊಂದು ಬದಿಯಲ್ಲಿ ಆಳವಾದ ಕಮರಿ. ಅಧ್ಯಾಪಕರ ಪತ್ನಿ ಕಲ್ಲೊಂದರ ಮೇಲೆ ಮೌನವಾಗಿ ಕುಳಿತಿದ್ದರು. ಯಾರಿಗೂ ಗಾಯವಾಗಿರಲಿಲ್ಲ.

"ನೀವು ಕಣ್ಮರೆಯಾದಿರಿ. ನಾನು ಅವಸರಪಟ್ಟೆ" ಎಂದಷ್ಟೇ ಅಧ್ಯಾಪಕರು ಹೇಳಿದರು. ಆ ಮಾತಿನಲ್ಲಿ ದೂಷಣೆ ಇರಲಿಲ್ಲ. ಆದ್ದರಿಂದಲೇ ಅದು ಕೃಷಿಕರನ್ನು ಹೆಚ್ಚು ನೋಯಿಸಿತು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ಅವರ ಬ್ರೇಕೂ ಕಾದಿರಲಿಲ್ಲ. ಆದರೂ ಆ ಕಾರನ್ನು ಕಮರಿಯ ಅಂಚಿನವರೆಗೆ ಒಯ್ದದ್ದು ತಮ್ಮ ವೇಗವೇ ಎಂಬುದು ಅವರಿಗೆ ಮನವರಿಕೆಯಾಯಿತು. ಸಮರ್ಥನ ಅವಸರವು ಅವನಿಗೆ ಹಾನಿ ಮಾಡದಿರಬಹುದು. ಅವನನ್ನು ಅನುಸರಿಸುವ ದುರ್ಬಲನು ಅದರ ಬೆಲೆಯನ್ನು ತೆರಬೇಕಾಗುತ್ತದೆ.

ಅಂದಿನಿಂದ ಪ್ರವಾಸ ಮುಗಿಯುವ ತನಕ ಅಧ್ಯಾಪಕರ ಕಾರೇ ಮುಂದೆ ಸಾಗಿತು, ಕೃಷಿಕರದು ಕೊನೆಯಲ್ಲಿ. ಯಾರಿಗೆ ಆಯಾಸವಾದರೂ ನಾಚದೆ ಹೇಳಬೇಕು, ಹೇಳಿದೊಡನೆ ಎಲ್ಲರೂ ನಿಲ್ಲಬೇಕು ಎಂದು ನಿಶ್ಚಯವಾಯಿತು. ಪ್ರತಿದಿನವೂ ಊರು ಸೇರುವುದು ತಡವಾಯಿತು. ಆದರೆ ಎಲ್ಲರೂ ಸೇರಿದರು.

ಕಿರಿದಾದ ಬೆಟ್ಟದ ರಸ್ತೆಯಲ್ಲಿ ಇಳಿಯುವ ವಾಹನವು ಏರುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮ ನಮ್ಮ ದೇಶದಲ್ಲಿಯೂ ಇದೆ. ಭಾರ ಹೊತ್ತು ಏದುಸಿರು ಬಿಡುವವನಿಗೆ ಮೊದಲ ಹಕ್ಕು ಎಂಬುದೇ ಅದರ ತಿರುಳು. ಈಗ ಸಂಪಾಜೆಯಲ್ಲಿ ಇಳಿಯುವಾಗ ಎದುರಿನಿಂದ ಲಾರಿಯೊಂದು ಏರಿ ಬಂದರೆ ಆ ಕೃಷಿಕರು ಕಾರನ್ನು ಬದಿಗೆ ನಿಲ್ಲಿಸುತ್ತಾರೆ. ಹಿಂದಿನವರು ಹಾರನ್ ಮಾಡಿದರೂ ಕದಲುವುದಿಲ್ಲ. ಮನೆಯಲ್ಲಿಯಾಗಲಿ ಸಮಾಜದಲ್ಲಿಯಾಗಲಿ ಮುಂದೆ ನಡೆಯುವವರು ಆಗಾಗ ಹಿಂತಿರುಗಿ ನೋಡಬೇಕು. ಹಿಂದಿರುವವರು ಕಣ್ಮರೆಯಾಗಿದ್ದರೆ ಅಲ್ಲಿಯೇ ನಿಲ್ಲಬೇಕು.